ಅಕ್ಕ ಪಾಸಾದಳಾ?

ನಮ್ಮ ಹಳೆಯ ಆಫೀಸಿಗೆ ಹೊಸದಾಗಿ ಸೇರಿದ ಮಕ್ಕಳು ಆಗೊಮ್ಮೆ ಈಗೊಮ್ಮೆ ಮಧುಗಿರಿಯ ನಮ್ಮ ಮನೆಗೆ ಬರುತ್ತಾರೆ. ಕಾಫಿ ಲೋಟ ಕೈಗೆ ಬಂದ ಮೇಲೆ "ಸರ್, ನಿಮ್ಮ ಕಾಲದಲ್ಲಿ ಟೆಸ್ಟಿಂಗ್ ಹೆಂಗಿತ್ತು?" ಎಂದು ಕೇಳುತ್ತಾರೆ. ನಗಿಸುವ ಕತೆಗಳು ನನ್ನಲ್ಲಿ ಬೇಕಾದಷ್ಟಿವೆ. ಅವನ್ನು ಹೇಳಿ ಕಳಿಸುತ್ತೇನೆ. ಒಂದನ್ನು ಮಾತ್ರ ಅವರಲ್ಲಿ ಯಾರಿಗೂ ಹೇಳಿಲ್ಲ. ಅವರು ಗೇಟು ದಾಟಿದ ಮೇಲೆ, ಇವತ್ತೂ ತಪ್ಪಿಸಿಕೊಂಡೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಈ ಬರಹ ಆ ಒಂದಕ್ಕಾಗಿ. ನಗಿಸುವ ಕತೆಗಳೂ ನಡುವೆ ಬರುತ್ತವೆ, ಯಾಕೆಂದರೆ ಅವುಗಳನ್ನು ಹತ್ತಿಯೇ ನಾನು ಅಲ್ಲಿಗೆ ಹೋಗಿ ತಲುಪಿದ್ದು.

ನಮ್ಮದು ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ಸಣ್ಣ ಸಾಫ್ಟ್‌ವೇರ್ ಕಂಪನಿ. ಕಿಟಕಿ ತೆರೆದರೆ ಬೆಟ್ಟ, ಮುಚ್ಚಿದರೆ ಕೆಳಗಿನ ಅಂಗಡಿಯ ಹೊಸ ಬಟ್ಟೆಯ ಗಂಜಿ ವಾಸನೆ. ಎಂಟು ಜನ ಕೆಲಸ ಮಾಡುತ್ತಿದ್ದೆವು. ನಾನು ನಡೆಸುತ್ತಿದ್ದ ಟೈಪಿಂಗ್ ಶಾಲೆ ಮುಚ್ಚಿದ ಮೇಲೆ, ತಲೆ ನರೆಯುವ ಹೊತ್ತಿಗೆ ಅಲ್ಲಿಗೆ ಸೇರಿದವನು. ಬೇರೆಯವರು ಬರೆದ ಆ್ಯಪ್‌ನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಹುಟ್ಟಾ ತಪ್ಪು ಹುಡುಕುವ ಸ್ವಭಾವದವನು ಎಂದು ನನ್ನ ಹೆಂಡತಿ ಮೊದಲೇ ಹೇಳುತ್ತಿದ್ದಳು, ಹಾಗಾಗಿ ಬೇಗ ಹೊಂದಿಕೊಂಡೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಕ್ಷಯರೋಗಿಗಳನ್ನು ನೋಡಿಕೊಳ್ಳುವ ಒಂದು ಸೇವಾ ಸಂಸ್ಥೆ ನಮ್ಮ ದೊಡ್ಡ ಗಿರಾಕಿ. ಅವರ ನರ್ಸುಗಳ ಕೈಗೆ ಒಂದೊಂದು ಟ್ಯಾಬ್ ಕೊಟ್ಟಿದ್ದರು. ಅದರೊಳಗಿನ ಆ್ಯಪ್ ನಮ್ಮದು. ಆ್ಯಪ್ ಏನನ್ನಾದರೂ ತೋರಿಸಬೇಕಾದರೆ ಸಂಸ್ಥೆಯ ಸರ್ವರನ್ನು ಕೇಳಬೇಕು: ಈ ನಂಬರಿನ ರೋಗಿ ಯಾರು? ಸರ್ವರ್ ಉತ್ತರ ಕಳಿಸುತ್ತದೆ: ಹೆಸರು, ವಯಸ್ಸು, ಊರು, ಕಫ ಪರೀಕ್ಷೆಯಲ್ಲಿ ಏನು ಬಂತು, ಎಷ್ಟನೇ ತಿಂಗಳ ಮಾತ್ರೆ ನಡೆಯುತ್ತಿದೆ. ಹೀಗೆ ಕೇಳುವ, ಹೇಳುವ ಕಟ್ಟುಪಾಡಿಗೆ ಎಪಿಐ ಎನ್ನುತ್ತೇವೆ. ಸರ್ವರ್ ಸಿಗದಿದ್ದಾಗ ಅದರ ಜಾಗದಲ್ಲಿ ಕೂತು ಮೊದಲೇ ಬರೆದಿಟ್ಟ ಉತ್ತರ ಒಪ್ಪಿಸುವ ಗೊಂಬೆಗೆ ಸ್ಟಬ್ ಎನ್ನುತ್ತೇವೆ. ನಮ್ಮ ಕಡೆ ಸರ್ವರ್ ಸಿಗುವುದಕ್ಕಿಂತ ಸಿಗದಿರುವುದೇ ಹೆಚ್ಚು. ಕರೆಂಟು ಇದ್ದರೆ ನೆಟ್‌ವರ್ಕ್ ಇರುವುದಿಲ್ಲ. ಹಾಗಾಗಿ ಗೊಂಬೆ ಇಲ್ಲದೆ ನಮ್ಮ ಕೆಲಸ ನಡೆಯುತ್ತಿರಲಿಲ್ಲ.

ಮೊದಮೊದಲು ಗೊಂಬೆಯ ಬಾಯಿಗೆ ಉತ್ತರಗಳನ್ನು ನಾನೇ ಬರೆದು ತುರುಕುತ್ತಿದ್ದೆ. ನನ್ನ ರೋಗಿಗಳೆಲ್ಲ ಬಹಳ ಶಿಸ್ತಿನವರು. ರಾಮ, ಮೂವತ್ತು ವರ್ಷ. ಭೀಮ, ಮೂವತ್ತೈದು. ಸೀತೆ, ನಲವತ್ತು. ಎಲ್ಲರಿಗೂ ಇನಿಷಿಯಲ್ ಇತ್ತು, ಹತ್ತಂಕಿಯ ಫೋನ್ ನಂಬರ್ ಇತ್ತು, ಒಬ್ಬರೂ ಒಂದು ದಿನ ಮಾತ್ರೆ ತಪ್ಪಿಸಿದವರಲ್ಲ. ಆಫೀಸಿನಲ್ಲಿ ಆ್ಯಪ್ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಶಿರಾ ಕಡೆಯ ಗೌಡಗೆರೆ ಕೇಂದ್ರದಲ್ಲಿ ಮೊದಲ ದಿನ ನಿಜವಾದ ರೋಗಿಯೊಬ್ಬರನ್ನು ತೆರೆದ ಕೂಡಲೇ ಮುಚ್ಚಿಕೊಂಡಿತು. ಇನ್ನೊಬ್ಬರನ್ನು ತೆರೆದರು, ಮತ್ತೆ ಮುಚ್ಚಿಕೊಂಡಿತು. ಆ ಹಳ್ಳಿಗಳ ಅಜ್ಜಿಯರಿಗೆ ತಮ್ಮ ವಯಸ್ಸು ಗೊತ್ತಿರಲಿಲ್ಲ. ಸರ್ವರಿನಲ್ಲಿ ಆ ಜಾಗ ಖಾಲಿ. ವಯಸ್ಸೇ ಇಲ್ಲದ ಮನುಷ್ಯರೂ ಇರುತ್ತಾರೆಂದು ನನಗೆ ಹೊಳೆದಿರಲಿಲ್ಲ.

"ಸಾರ್, ನಿಮ್ಮ ಆ್ಯಪು ಮುದುಕ್ರನ್ನ ಕಂಡ್ರೆ ಬಾಗ್ಲಾಕ್ಕಂಡ್ಬುಡ್ತೈತೆ," ಎಂದು ಅಲ್ಲಿಯ ನರ್ಸಮ್ಮ ನಕ್ಕರು. ಸುತ್ತ ಕೂತಿದ್ದ ಅಜ್ಜಿಯರೂ ನಕ್ಕರು. ನಾನೂ ನಕ್ಕೆ, ಕಿವಿ ಮಾತ್ರ ಬಿಸಿಯಾಗಿತ್ತು.

ನಮ್ಮ ಮೇಲಿನವರು ಪ್ರಕಾಶಪ್ಪನವರು. ಎಲೆ ಅಡಿಕೆ ಅಗಿಯುತ್ತ ಅರ್ಧ ಮಾತನ್ನು ಬಾಯಲ್ಲೇ ಇಟ್ಟುಕೊಳ್ಳುವ ಮನುಷ್ಯ, ಕೆಟ್ಟವರಲ್ಲ, ಅವಸರದವರು. ಗೌಡಗೆರೆಯ ಕತೆ ಕೇಳಿ ಎದ್ದು ಹೋಗಿ ಉಗಿದು ಬಂದು, "ನೀನು ಕತೆ ಕಟ್ಟಿದ್ದು ಸಾಕು ಕಣಯ್ಯ. ನಿಜವಾದ್ದನ್ನ ಹಿಡ್ಕೊಂಡು ಬಾ," ಎಂದರು. ಹೀಗೆ ನಮ್ಮಲ್ಲಿ ಪ್ರಾಕ್ಸಿ ಶುರುವಾಯಿತು.

ಪ್ರಾಕ್ಸಿ ಎಂದರೆ ಟ್ಯಾಬಿಗೂ ಸರ್ವರಿಗೂ ನಡುವೆ ಕೂರಿಸುವ ಒಂದು ಪ್ರೋಗ್ರಾಮು. ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಓಡಿಸಿ, ಟ್ಯಾಬಿನ ದಾರಿಯನ್ನು ಅದರ ಮೂಲಕ ತಿರುಗಿಸುತ್ತಿದ್ದೆ. ಟ್ಯಾಬು ಕೇಳಿದ್ದನ್ನು ಅದು ಸರ್ವರಿಗೆ ಮುಟ್ಟಿಸುತ್ತದೆ, ಸರ್ವರ್ ಹೇಳಿದ್ದನ್ನು ಟ್ಯಾಬಿಗೆ ತಂದು ಕೊಡುತ್ತದೆ, ಕೊಡುವ ಮೊದಲು ಒಂದು ನಕಲು ಇಟ್ಟುಕೊಳ್ಳುತ್ತದೆ. ನಕಲನ್ನು ಆಮೇಲೆ ಸ್ಟಬ್‌ಗೆ ಉಣಿಸಿದರೆ, ಅದು ಥೇಟ್ ಸರ್ವರಿನಂತೆಯೇ ಮಾತಾಡುತ್ತದೆ. ಬೇರೆಯವರ ಕಾಗದವನ್ನು ಲಕೋಟೆ ಬಿಚ್ಚಿ ಓದಿ, ಮತ್ತೆ ಅಂಟಿಸಿ ತಲುಪಿಸುವ ಅಂಚೆಯವನ ಕೆಲಸ ಇದು. ಅಂದು ನನಗೆ ಹಾಗನ್ನಿಸಲಿಲ್ಲ. ಟ್ಯಾಬು ಈ ನಡುವಿನವನನ್ನು ಸುಲಭಕ್ಕೆ ನಂಬುವುದೂ ಇಲ್ಲ. ಇವನು ನಮ್ಮವನೇ, ನಂಬು ಎಂದು ಒಂದು ಸರ್ಟಿಫಿಕೇಟನ್ನು ಅದರೊಳಗೆ ಹಾಕಬೇಕು. ಹಾಕುವಾಗ ಎಚ್ಚರಿಕೆಯ ಸಾಲೊಂದು ಬರುತ್ತದೆ. ನರ್ಸಮ್ಮ ಏನದು ಎಂದು ಕೇಳಿದರೆ, "ಏನಿಲ್ಲಮ್ಮ, ಓಕೆ ಒತ್ತಿ," ಎನ್ನುತ್ತಿದ್ದೆ.

ಕೊರಟಗೆರೆಯ ಕಡೆ ಒಂದು ಕೇಂದ್ರದಲ್ಲಿ ರೆಕಾರ್ಡು ಮಾಡಿಕೊಂಡು, ಟ್ಯಾಬಿನ ದಾರಿಯನ್ನು ಮೊದಲಿನಂತೆ ತಿರುಗಿಸಲು ಮರೆತು ಬಸ್ಸು ಹತ್ತಿಬಿಟ್ಟೆ. ಅದು ನನ್ನ ಲ್ಯಾಪ್‌ಟಾಪನ್ನೇ ಹುಡುಕುತ್ತ ಎರಡು ದಿನ ಮೂಕವಾಗಿ ಕೂತಿತ್ತು. ನರ್ಸಮ್ಮ ಎರಡು ದಿನವೂ ಹಳೆಯ ಪುಸ್ತಕದಲ್ಲಿ ಬರೆದುಕೊಂಡು, ಮೂರನೆಯ ದಿನ ಟ್ಯಾಬನ್ನು ಚೀಲದಲ್ಲಿ ಹಾಕಿಕೊಂಡು ಮಧುಗಿರಿಗೇ ಬಂದರು. "ಇದಕ್ಕೆ ನಿಮ್ಮ ಮೇಲೇ ಜೀವ ಸಾರ್, ನೀವೇ ಇಟ್ಕಳಿ," ಎಂದು ಮೇಜಿನ ಮೇಲೆ ಇಟ್ಟರು. ಪ್ರಾಕ್ಸಿ ತೆಗೆಯದೆ ಊರು ಬಿಡಬೇಡಿ. ಹೊಸದಾಗಿ ಸೇರಿದ ಮಕ್ಕಳೇ, ಇದು ನಿಮಗೆ ಮೊದಲನೆಯ ಬುದ್ಧಿಮಾತು.

ಇನ್ನೊಂದು ಪೇಚು ತಾರೀಖಿನದು. ರೆಕಾರ್ಡು ಮಾಡಿದ ಉತ್ತರದಲ್ಲಿ "ಮುಂದಿನ ಭೇಟಿ ನಾಳೆ" ಎಂದು ಇರುತ್ತದೆ. ಎರಡು ದಿನ ಕಳೆದರೆ ಆ ನಾಳೆ ನಿನ್ನೆಯಾಗಿ, ಆ್ಯಪು ರೋಗಿ ಬರಲಿಲ್ಲವೆಂದು ಕೆಂಪು ಗೆರೆ ಎಳೆಯುತ್ತದೆ, ಟೆಸ್ಟು ಬಿದ್ದುಹೋಗುತ್ತದೆ. ಮೊದಲ ವಾರ ದಿನಾ ಬೆಳಿಗ್ಗೆ ತಾರೀಖು ತಿದ್ದುತ್ತ ಕೂತೆವು. ಆಮೇಲೆ ಟೆಸ್ಟು ನಡೆಯುವ ಗಡಿಯಾರವನ್ನೇ ರೆಕಾರ್ಡು ಮಾಡಿದ ದಿನಕ್ಕೆ ನಿಲ್ಲಿಸಿಬಿಟ್ಟೆವು. ಅದೊಂದು ಮಂಗಳವಾರ. ಹೊರಗೆ ಎಷ್ಟು ಹಬ್ಬ ಕಳೆದರೂ ನಮ್ಮ ಟೆಸ್ಟಿನೊಳಗೆ ಎರಡು ವರ್ಷ ಅದೇ ಮಂಗಳವಾರ.

ಆ ಮಂಗಳವಾರದ ಬೆಳಿಗ್ಗೆ ನಾನು ಪಾವಗಡ ತಾಲ್ಲೂಕಿನ ಒಂದು ಕೇಂದ್ರದಲ್ಲಿದ್ದೆ. ನಲವತ್ತು ಚಿಲ್ಲರೆ ರೋಗಿಗಳ ಉತ್ತರ ಹಿಡಿದು ತಂದೆ. ಅದರಲ್ಲಿ ಒಬ್ಬ ಹೆಂಗಸಿನ ಉತ್ತರ ಸಿಕ್ಕಾಗ ನಮ್ಮ ಆಫೀಸಿನಲ್ಲಿ ಸಂಭ್ರಮ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಊರನ್ನೂ ಬರೆಯುವುದಿಲ್ಲ. ಆ ತಪ್ಪನ್ನು ಒಂದು ಸಲ ಮಾಡಿದ್ದು ಸಾಕು. ಆಫೀಸಿನಲ್ಲಿ ನಾವು ಅವರನ್ನು ಅಕ್ಕ ಎನ್ನುತ್ತಿದ್ದೆವು. ಇಲ್ಲೂ ಹಾಗೇ ಅನ್ನುತ್ತೇನೆ.

ಸಂಭ್ರಮ ಯಾಕೆಂದರೆ, ಒಬ್ಬ ರೋಗಿಯ ಉತ್ತರದಲ್ಲಿ ಬರಬಹುದಾದ ತೊಡಕುಗಳೆಲ್ಲ ಅಕ್ಕನ ಒಂದೇ ಉತ್ತರದಲ್ಲಿದ್ದವು. ಇನಿಷಿಯಲ್ ಇಲ್ಲದ, ಒತ್ತಕ್ಷರ ತುಂಬಿದ ಉದ್ದ ಹೆಸರು. ಗಂಡನ ಹೆಸರೂ ಇತ್ತು, ತಂದೆಯ ಹೆಸರೂ ಇತ್ತು. ತವರು ಶಿರಾ ಕಡೆ, ಗಂಡನ ಮನೆ ಪಾವಗಡ ಕಡೆ, ಎರಡೂ ವಿಳಾಸ. ಎರಡು ಫೋನು, ಒಂದು ಪಕ್ಕದ ಮನೆಯವರದು. ಶಿರಾದಲ್ಲಿ ಶುರುವಾದ ಮಾತ್ರೆ, ನಡುವೆ ಹನ್ನೊಂದು ದಿನ ನಿಂತು, ಪಾವಗಡದಲ್ಲಿ ಮತ್ತೆ ಶುರುವಾಗಿತ್ತು. ಆ್ಯಪಿನಲ್ಲಿ ಎಲ್ಲಿ ಬಿರುಕಿದ್ದರೂ ಈ ಒಂದು ಉತ್ತರ ಅದನ್ನು ತೋರಿಸಿಕೊಡುತ್ತಿತ್ತು. ತವರಿಗೆ ಹೋಗಿ ಯಾಕೆ ಮಾತ್ರೆ ಶುರು ಮಾಡಿದರು, ಆ ಹನ್ನೊಂದು ದಿನ ಏನಾಗಿತ್ತು ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ. ಒಳ್ಳೆಯ ಡೇಟಾ ಸಿಕ್ಕಿತು ಎಂದುಕೊಂಡೆ.

ಅಂದಿನಿಂದ ನಮ್ಮಲ್ಲೊಂದು ಪದ್ಧತಿ ಬಂತು. ಆ್ಯಪಿನ ಹೊಸ ರೂಪ ಹೊರಗೆ ಬಿಡುವ ಮೊದಲು ಅಕ್ಕನ ಉತ್ತರವನ್ನು ಅದರ ಮೇಲೆ ಓಡಿಸಬೇಕು. ಪ್ರಕಾಶಪ್ಪನವರು ತಮ್ಮ ಕುರ್ಚಿಯಿಂದಲೇ, "ಅಕ್ಕ ಪಾಸಾದ್ಳಾ?" ಎಂದು ಕೂಗುತ್ತಿದ್ದರು. "ಪಾಸು ಸರ್," ಎಂದರೆ ಎಲ್ಲರಿಗೂ ಬೋಂಡಾ. ಒಂದು ಆಯುಧ ಪೂಜೆಗೆ ಯಾರೋ ಆ ಉತ್ತರವನ್ನು ಪೂರ್ತಿ ಪ್ರಿಂಟು ತೆಗೆದು, ಟೆಸ್ಟು ಓಡಿಸುವ ಕಂಪ್ಯೂಟರಿನ ಮೇಲಿನ ಗೋಡೆಗೆ ಅಂಟಿಸಿದರು. ಅದಕ್ಕೆ ವಿಭೂತಿ ಎಳೆದು ಕುಂಕುಮ ಇಟ್ಟವನು ನಾನು. ಹೆಸರು, ಗಂಡನ ಹೆಸರು, ಊರು, ಕಫ ಪಾಸಿಟಿವ್. ಕಾಫಿ ತರುವವನು, ಕರೆಂಟಿನವನು, ಬಾಡಿಗೆ ಕೇಳಲು ಬಂದ ಮಾಲೀಕರು, ಎಲ್ಲರ ಕಣ್ಣೆದುರಿಗೂ ಅದು ಒಂದು ವರ್ಷದ ಮೇಲೆ ಅಲ್ಲಿ ತೂಗಿತು.

ನಮ್ಮ ಜೊತೆ ಶಿರಾದ ನಸೀಮಾ ಎಂಬ ಹುಡುಗಿ ಕೆಲಸಕ್ಕಿದ್ದಳು. ನನ್ನ ಕೈಕೆಳಗೆ ಟೆಸ್ಟಿಂಗು ಕಲಿತವಳು, ಬೇಗ ನನ್ನನ್ನು ಮೀರಿಸಿದವಳು. ಒಂದು ದಿನ ಗೋಡೆಯ ಕಾಗದ ನೋಡುತ್ತ ನಿಂತು ನನ್ನನ್ನು ಕರೆದಳು.

"ಸರ್, ಇವರ ಹೆಸರು, ಊರು ಬದಲಾಯಿಸೋಣ. ಪ್ರಾಕ್ಸಿಯಲ್ಲೇ ಒಂದು ರೂಲ್ ಹಾಕಿದ್ರೆ, ನಕಲು ಇಳಿಯೋವಾಗ್ಲೇ ಹೆಸರು ಅಳಿಸಿ ಬೇರೆ ಬರೆಯತ್ತೆ. ಅರ್ಧ ದಿನದ ಕೆಲಸ."

"ಬದಲಾಯಿಸಿದ್ರೆ ಟೆಸ್ಟೆಲ್ಲ ಬೀಳುತ್ತಮ್ಮ," ಎಂದೆ. "ನೂರಾರು ಕಡೆ ಅದೇ ಹೆಸರು ಬರೆದಿದ್ದೀವಿ."

"ಅರೆ, ಬಿದ್ರೆ ಎತ್ತೋಣ ಸರ್. ಇವರು ನಿಜವಾದ ಮನುಷ್ಯರಲ್ವಾ? ನಮ್ಮ ಅಮ್ಮೀದು ಯಾರಾದ್ರೂ ಹಿಂಗೆ ಅಂಟಿಸಿದ್ರೆ?"

ಅವಳ ಮಾತು ಸರಿ ಎಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಇದೂ ಒಂದು ಸುಳ್ಳಾಗುತ್ತದೆ. ಆದರೆ ಮಗಳ ವಯಸ್ಸಿನವಳು ಹೇಳಿದಳಲ್ಲ ಎಂಬ ಬಿಗುಮಾನ, ಮೇಲೆ ಸೋಮಾರಿತನ. "ಈ ಮಹಡಿ ಬಿಟ್ಟು ಎಲ್ಲಿಗೂ ಹೋಗಲ್ಲ ಬಿಡು," ಎಂದು ಅಟ್ಟಿದೆ.

ಮಹಡಿ ಬಿಟ್ಟು ಅದು ಪಾವಗಡಕ್ಕೇ ಹೋಯಿತು, ನನ್ನ ಕೈಯಲ್ಲೇ. ಸಂಸ್ಥೆಯವರು ಬಾಣಂತಿ, ಕೂಸುಗಳ ಆರೈಕೆಯನ್ನೂ ಹಚ್ಚಿಕೊಂಡು, ಹಳ್ಳಿಗಳಲ್ಲಿ ಮನೆಮನೆಗೆ ಹೋಗುವ ಹೊಸ ಕಾರ್ಯಕರ್ತೆಯರನ್ನು ತೆಗೆದುಕೊಂಡಿದ್ದರು. ಅವರಿಗೆ ಪಾವಗಡದ ಒಂದು ಸಭಾಂಗಣದಲ್ಲಿ ತರಬೇತಿ. ಅಲ್ಲಿ ನೆಟ್‌ವರ್ಕ್ ಇರುವುದಿಲ್ಲವೆಂದು ಗೊತ್ತಿದ್ದರಿಂದ, ಇಪ್ಪತ್ತೈದು ಟ್ಯಾಬುಗಳಿಗೂ ಸ್ಟಬ್ ಸೇರಿಸಿದ ಆ್ಯಪ್ ತುಂಬಿಕೊಂಡು ಹೋದೆ. ಸರ್ವರ್ ಬೇಡ, ಯಾರು ಏನು ಮುಟ್ಟಿದರೂ ರೆಕಾರ್ಡು ಮಾಡಿದ ಉತ್ತರ ಬರುತ್ತದೆ. ಹಾಜರಿ ಹಾಳೆಯಲ್ಲಿ ಎಲ್ಲರೂ ಸಹಿ ಹಾಕಿದ್ದರು. ನಾನು ಅದನ್ನು ಓದದೆ ಫೈಲಿನಲ್ಲಿ ಇಟ್ಟೆ.

"ಮೊದಲನೇ ಹೆಸರನ್ನ ಮುಟ್ಟಿ," ಎಂದೆ ಮೈಕಿನಲ್ಲಿ.

ಎರಡನೆಯ ಸಾಲಿನಿಂದ ಒಬ್ಬ ಹೆಂಗಸು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದರು. ಹೆಸರು. ಗಂಡನ ಹೆಸರು. ಊರು. ಆಮೇಲೆ ತಲೆಯೆತ್ತಿ ಪಕ್ಕದವರ ಕಡೆ ತಿರುಗಿದರು. "ಇದೇಂದಮ್ಮಾ! ಲೇ, ಇದು ನೀನಲ್ವೇನೆ? ನಿನ್ ಗಂಡನ್ನೆಸ್ರೂ ಐತೆ. ಕಫ ಪಾಸಿಟಿವ್ ಅಂತ ಐತಲ್ಲೇ!"

ಪಕ್ಕದಲ್ಲಿ ಕೂತಿದ್ದವರು ಮೂವತ್ತರ ಆಸುಪಾಸಿನ ಹೆಂಗಸು. ಕಂದು ಬಣ್ಣದ ಸೀರೆ, ತೊಡೆಯ ಮೇಲೆ ಟ್ಯಾಬು. ಎರಡು ವರ್ಷ ದಿನಾ ಬೆಳಿಗ್ಗೆ ನಾನು ಅವರ ಹೆಸರನ್ನು ಓದಿದ್ದೆ, ಅವರ ತೂಕವೂ ನನಗೆ ಬಾಯಿಪಾಠವಾಗಿತ್ತು. ಆ ಹೆಸರಿಗೆ ಒಂದು ಮುಖ ಇದೆ ಎಂದು ಆಗ ಗೊತ್ತಾಯಿತು. ಅವರು ನನ್ನನ್ನೇ ನೋಡುತ್ತಿದ್ದರು. ಇಪ್ಪತ್ತೈದು ಪರದೆಗಳ ಮೇಲೂ ಅವರ ಹೆಸರೇ ಇತ್ತು.

ನನ್ನ ನಾಲಿಗೆ ನನ್ನ ಅಪ್ಪಣೆ ಕೇಳಲಿಲ್ಲ. "ಏ ಇಲ್ಲಮ್ಮ, ಅದು ನಿಜವಲ್ಲ. ಉದಾಹರಣೆಗೆ ಅಂತ ನಿಮ್ಮ ಹಾಜರಿ ಪಟ್ಟಿಯಿಂದಲೇ ಒಂದು ಹೆಸರು ತಗೊಂಡು ತುಂಬಿದ್ದೀವಿ," ಎಂದೆ. ತರಬೇತಿ ಶುರುವಾಗಿ ಅರ್ಧ ಗಂಟೆಯಾಗಿರಲಿಲ್ಲ. ಅಷ್ಟರಲ್ಲಿ ಯಾರು ಯಾವಾಗ ತುಂಬಿದರು ಎಂದು ಒಂದು ಮಗು ಕೇಳಿದ್ದರೂ ನಾನು ಸಿಕ್ಕಿಬೀಳುತ್ತಿದ್ದೆ. ಯಾರೂ ನಂಬಿದಂತೆ ಕಾಣಲಿಲ್ಲ.

ಆಗ ಅಕ್ಕ ಮಾತಾಡಿದರು. "ಹೂಂ ಕಣಕ್ಕ. ಮೊನ್ನೆ ಫಾರಂ ತುಂಬೋವಾಗ್ಲೇ ನನ್ನ ಕೇಳಿದ್ರು, ಸುಮ್ಕೆ ತೋರ್ಸಕ್ಕೆ ನಿಮ್ಮೆಸ್ರು ಹಾಕ್ಕಳಾನಾ ಅಂತ. ಹಾಕ್ಕಳಿ ಅಂದೆ. ಊರು, ಗಂಡನ್ನೆಸ್ರು ನಾನೇ ಕೊಟ್ಟಿದ್ದು." ಹೇಳಿ ನಕ್ಕರು. ನಗು ಸರಿಯಾಗಿಯೇ ಇತ್ತು. ಟ್ಯಾಬನ್ನು ಮಾತ್ರ ತೊಡೆಯ ಮೇಲೆ ಬೋರಲು ಹಾಕಿದ್ದರು.

"ಅಂಗಾ! ನಾನಾಗಿದ್ರೆ ಒಪ್ತಿರ್ಲಿಲ್ಲಮ್ಮ," ಎಂದರು ಓದಿದ ಹೆಂಗಸು. "ಸುಳ್ಳಾದ್ರೂವೆ ಅಂಥ ರೋಗಾನ ಎಸ್ರಿಗೆ ಅಂಟುಸ್ಕಂಬಾರ್ದು." ಎಲ್ಲರೂ ನಕ್ಕು ಮುಂದಿನ ಪಾಠಕ್ಕೆ ತಿರುಗಿದರು. ನಾನು ಎರಡನೇ ಹೆಸರನ್ನು ಮುಟ್ಟಿ ಎನ್ನಲಿಲ್ಲ. ಟ್ಯಾಬು ಕೆಟ್ಟಿದೆ ಎಂದು ಹೇಳಿ ಎಲ್ಲವನ್ನೂ ವಾಪಸು ಇಸಿದುಕೊಂಡು, ಬೋರ್ಡಿನ ಮೇಲೆ ಬರೆದು ಪಾಠ ಮುಗಿಸಿದೆ.

ಊಟದ ಹೊತ್ತಿನಲ್ಲಿ ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ಅಕ್ಕ ಒಬ್ಬರೇ ಸಿಕ್ಕರು. ನಾನಾಗಿ ಹೋಗಲಿಲ್ಲ. ಅವರೇ ಬಂದರು.

"ಸಾರ್, ಇದು ನಿಮ್ತಾವ ಹೆಂಗ್ ಬಂತು?"

ಪ್ರಾಕ್ಸಿ, ರೆಕಾರ್ಡು, ಎಲ್ಲವನ್ನೂ ತಡವರಿಸುತ್ತ ಹೇಳಿದೆ.

"ನಾನು ವಾಸಿಯಾಗಿ ಒರ್ಷದ ಮೇಲಾತು. ಡಾಕ್ಟ್ರೇ ಬರ್ಕೊಟ್ಟವ್ರೆ. ನಿಮ್ಮದ್ರಾಗೆ ಇನ್ನೂ ಐತಲ್ಲ ಸಾರ್?"

"ಅದು ಆವತ್ತಿನದು ಕಣಮ್ಮ. ಆವತ್ತೇ ನಿಂತೋಗಿದೆ."

"ನಮ್ಮನೆಯೋರ್ಗೆ ಬಿಟ್ರೆ ಊರಾಗೆ ಯಾರ್ಗೂ ಗೊತ್ತಿಲ್ಲ. ಗೊತ್ತಾಗಬಾರ್ದು ಅಂತ್ಲೇ ತವರಿಗೋಗಿ ಮಾತ್ರೆ ನುಂಗಿದ್ದು. ಅಲ್ಲೂ ವಾಸ್ನೆ ಹತ್ತಿ ಜನ ಕೇಳಕ್ಕಿಡಿದ್ರು. ಹನ್ನೊಂದ್ ದಿನ ಮಾತ್ರೆ ಬುಟ್ಟು ಈ ಕಡೀಕ್ ಬಂದೆ." ಅವರು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದರು. "ಬಾಣಂತಿ ಮನೆಗೋಗಿ ಕೂಸು ತೂಕ ಮಾಡೋಳು ನಾನು ಇನ್ಮೇಲೆ. ಇದು ಗೊತ್ತಾದ್ರೆ ಯಾರ್ ಸಾರ್ ಕೂಸು ಮುಟ್ಟಕ್ಕೆ ಬುಡ್ತಾರೆ?"

ಹನ್ನೊಂದು ದಿನ. ಆ ಅಂಕಿ ಇರುವುದರಿಂದ ಟೆಸ್ಟಿಗೆ ಬಹಳ ಅನುಕೂಲ ಎಂದು ನಾನು ಆಫೀಸಿನಲ್ಲಿ ಹೇಳುತ್ತಿದ್ದೆ. ತಪ್ಪಾಯಿತು ಎಂಬ ಒಂದು ಮಾತನ್ನಾದರೂ ಹೇಳಬಹುದಿತ್ತು. ಅದರ ಬದಲು, "ಪೂರ್ತಿ ತುಂಬಿದ ಹೆಸರು ಒಂದು ಬೇಕಾಗಿತ್ತಮ್ಮ, ಅದಕ್ಕೆ," ಎಂದೆ.

ಅವರಿಗೆ ಮೊದಲ ಸಲ ಸಿಟ್ಟು ಬಂತು. "ಬೇಕಾದ್ರೆ ನಿಮ್ಮೆಸ್ರೇ ಹಾಕ್ಕಳಿ ಸಾರ್. ನಿಮ್ಮೆಸ್ರು, ನಿಮ್ಮೂರು, ನಿಮ್ಮಪ್ಪನ್ನೆಸ್ರು. ಅದೂ ಪೂರ್ತಿನೇ ಅಲ್ವಾ?"

"ಆಗ್ಲಮ್ಮ. ನಂದೇ ಹಾಕ್ತೀನಿ," ಎಂದೆ. ಮನಸಾರೆ ಹೇಳಿದೆ. ನನಗೂ ಮನೆಯಲ್ಲಿ ಮಗಳಿದ್ದಾಳೆ, ಅವಳ ಮೇಲಾಣೆ, ಎಂದೂ ಸೇರಿಸಿದೆ. ಮಗಳನ್ನು ನಡುವೆ ಎಳೆದು ತರುವ ಅಗತ್ಯ ಏನಿತ್ತೋ.

ಮಧುಗಿರಿಗೆ ಬಂದು ಪ್ರಕಾಶಪ್ಪನವರಿಗೆ ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಅಗಿಯುವುದನ್ನೇ ನಿಲ್ಲಿಸಿದರು. ಆಮೇಲೆ, "ಆ ಯಮ್ಮನೇ ಒಪ್ಪಿದ್ದೆ ಅಂತ ಎಲ್ಲರ ಮುಂದೆ ಹೇಳಿದಾಳಲ್ಲ. ಮುಗೀತು. ಸಂಸ್ಥೆಯೋರಿಗೆ ಕಾಗದ ಗೀಗದ ಬೇಡ," ಎಂದರು. ತನ್ನ ಮಾನ ಉಳಿಸಿಕೊಳ್ಳಲು ಆಕೆ ಹೇಳಿದ ಸುಳ್ಳನ್ನು ನಾವು ಒಪ್ಪಿಗೆ ಪತ್ರ ಮಾಡಿಕೊಂಡೆವು. ನಾನು ಹೂಂ ಎಂದು ತಲೆಯಾಡಿಸಿ ಬಂದೆ.

ನಸೀಮಾ, ನಾನು ಹೇಳಿರಲಿಲ್ಲವೇ ಎಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಎದ್ದು ಹೋಗಿ ಗೋಡೆಯ ಕಾಗದವನ್ನು ಉಗುರಿನಿಂದ ಬಿಡಿಸಿ, ಸಣ್ಣಗೆ ಹರಿದು, ಚೂರುಗಳನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು. ಕುಂಕುಮದ ಕಲೆ ಗೋಡೆಯಲ್ಲಿ ಉಳಿಯಿತು. ಮಾರನೆಯ ದಿನದಿಂದ ಇಬ್ಬರೂ ಅಕ್ಕನ ಹೆಸರನ್ನು ಹುಡುಕಿ ಅಳಿಸಲು ಕೂತೆವು. ಟೆಸ್ಟುಗಳಲ್ಲಿತ್ತು, ಇಪ್ಪತ್ತೈದು ಟ್ಯಾಬುಗಳಲ್ಲಿತ್ತು, ಹಳೆಯ ಲ್ಯಾಪ್‌ಟಾಪುಗಳಲ್ಲಿತ್ತು, ನಾವು ಒಬ್ಬರಿಗೊಬ್ಬರು ಕಳಿಸಿದ ಮೇಲ್‌ಗಳಲ್ಲಿತ್ತು, ಕೆಲಸ ಬಿಟ್ಟು ಹೋದ ಹುಡುಗನೊಬ್ಬನ ಪೆನ್‌ಡ್ರೈವಿನಲ್ಲಿತ್ತು. ಉಳಿದ ರೋಗಿಗಳ ಹೆಸರುಗಳೂ ಸೇರಿ ಮೂರು ವಾರ ಹಿಡಿಯಿತು. ಪೂರ್ತಿ ಹೋಯಿತೆಂದು ಇವತ್ತಿಗೂ ಎದೆ ತಟ್ಟಿ ಹೇಳಲಾರೆ. ಅದಕ್ಕೇ ನಿಮಗೆ ಹೇಳುವುದು: ಅಳಿಸುವುದನ್ನು ರೆಕಾರ್ಡು ಮಾಡಿದ ಮೇಲೆ ಮಾಡಬೇಡಿ, ರೆಕಾರ್ಡು ಆಗುವಾಗಲೇ ಮಾಡಿ. ಹೆಸರು, ಊರು, ಫೋನು ಪ್ರಾಕ್ಸಿಯಿಂದ ನಿಮ್ಮ ಡಿಸ್ಕಿಗೆ ಇಳಿಯಲೇಬಾರದು. ಅಂದು ನಸೀಮಾ ಕೇಳಿದ್ದು ಅರ್ಧ ದಿನ.

ಕೊನೆಗೆ ಅಕ್ಕನ ಹೆಸರಿದ್ದ ಜಾಗಕ್ಕೆ ಹೊಸ ಹೆಸರು ತುಂಬುವ ಕೆಲಸ ಉಳಿಯಿತು. ಅದನ್ನು ನಾನೇ ಮಾಡುತ್ತೇನೆಂದು ನಸೀಮಾಗೆ ಹೇಳಿ, ಆಫೀಸಿನಲ್ಲಿ ಎಲ್ಲರೂ ಊಟಕ್ಕೆ ಹೋದಾಗ ಕೂತೆ. ನನ್ನ ಹೆಸರು ಟೈಪು ಮಾಡಿದೆ. ತಂದೆಯ ಹೆಸರು ಮಾಡಿದೆ. ನಮ್ಮ ಬೀದಿ, ಮನೆ ನಂಬರು ಮಾಡಿದೆ. ಮುಂದಿನ ಸಾಲು ರೋಗದ್ದು. ಕ್ಷಯ ಎಂದೇ ಇರಬೇಕು, ಇಲ್ಲದಿದ್ದರೆ ಟೆಸ್ಟು ನಡೆಯುವುದಿಲ್ಲ. ಅಲ್ಲಿಗೆ ಬಂದು ಕೈ ನಿಂತಿತು.

ಎದ್ದು ಹೋಗಿ ನೀರು ಕುಡಿದು ಬಂದೆ. ಸುಳ್ಳು ರೋಗ. ನೋಡುವವರು ನಮ್ಮ ಎಂಟು ಜನ. ನನ್ನ ಮೈಗೇನೂ ಅಂಟುವುದಿಲ್ಲ. ಎಲ್ಲವೂ ಗೊತ್ತಿತ್ತು. ಆದರೆ ಆಗ ಮಗಳಿಗೆ ಗಂಡು ನೋಡುತ್ತಿದ್ದೆವು. ಯಾರ ಕೈಗಾದರೂ ಸಿಕ್ಕಿ, ಅವರ ಮನೆಯಲ್ಲಿ ಹೀಗಂತೆ ಎಂದು ಶುರುವಾದರೆ? ಕರೆಂಟಿನವನು ನೋಡಿದರೆ, ಮಾಲೀಕರು ನೋಡಿದರೆ? ಅಕ್ಕನ ಹೆಸರು ಒಂದು ವರ್ಷ ಗೋಡೆಯ ಮೇಲೆ ಇದ್ದಾಗ ಈ ಯಾರೂ ನನ್ನ ತಲೆಗೆ ಬಂದಿರಲಿಲ್ಲ. ನನ್ನ ಹೆಸರು ಬಂದ ಕೂಡಲೇ ಊರಿಗೆ ಊರೇ ನನ್ನ ಪರದೆಯ ಕಡೆ ಇಣುಕಿ ನೋಡುತ್ತಿತ್ತು.

ಬರೆದದ್ದನ್ನು ಅಳಿಸಿದೆ. ಎಲ್ಲೂ ಇಲ್ಲದ ಒಬ್ಬಳನ್ನು, ಎಲ್ಲೂ ಇಲ್ಲದ ಊರನ್ನು ಕಟ್ಟಿ ತುಂಬಿದೆ. ಒತ್ತಕ್ಷರ, ಎರಡು ವಿಳಾಸ, ಎರಡು ಫೋನು, ಎಲ್ಲ ಹಾಕಿದೆ. ಹನ್ನೊಂದು ದಿನವನ್ನು ಒಂಬತ್ತು ಮಾಡಿದೆ. ಟೆಸ್ಟು ಪಾಸಾಯಿತು. ಮಾಡಬೇಕಾದ ಸರಿಯಾದ ಕೆಲಸವೇ ಅದು. ನಿಮಗೂ ಹಾಗೇ ಮಾಡಿ ಎನ್ನುತ್ತೇನೆ. ಆದರೆ ನಾನು ಅದನ್ನು ಮಾಡಿದ್ದು ಸರಿ ಎಂದಲ್ಲ, ಹೆದರಿ. ಕೊಟ್ಟ ಮಾತು ಮುರಿದು.

ಆಮೇಲೆ ನಿವೃತ್ತಿಯಾಯಿತು, ಹಾರ ಹಾಕಿದರು. ಮಗಳ ಮದುವೆಯಾಯಿತು. ಹೋದ ಸುಗ್ಗಿಯ ಹೊತ್ತಿನಲ್ಲಿ ಮಧುಗಿರಿ ಬಸ್ ನಿಲ್ದಾಣದಲ್ಲಿ ಪೇಪರು ಕೊಳ್ಳುತ್ತಿದ್ದೆ. ಪಾವಗಡ ಬಸ್ಸಿನ ಕಿಟಕಿಯಿಂದ, "ಸಾರ್," ಎಂದು ಯಾರೋ ಕೂಗಿದರು. ಅಕ್ಕ. ಮೈ ತುಂಬಿಕೊಂಡಿದ್ದರು. ತೊಡೆಯ ಮೇಲಿನ ಚೀಲದಿಂದ ಕೂಸುಗಳ ತೂಕದ ತಕ್ಕಡಿಯ ಕೊಕ್ಕೆ ಹೊರಗೆ ಚಾಚಿತ್ತು. ಅದನ್ನು ನೋಡಿದಾಗ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. ಇನ್ನೂ ಬಾಣಂತಿಯರ ಮನೆಗೆ ಹೋಗುತ್ತಿದ್ದಾರೆ, ಯಾರಿಗೂ ಗೊತ್ತಾಗಿಲ್ಲ.

ಕುಶಲ ವಿಚಾರಿಸಿದ ಮೇಲೆ ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಸಾರ್, ಆವತ್ತಂದಿದ್ನಲ್ಲ. ನಿಮ್ಮೆಸ್ರೇ ಹಾಕಿದ್ರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ಜೇಬಿಗೆ, ಜೇಬಿನಿಂದ ಕನ್ನಡಕಕ್ಕೆ ಹೋಯಿತು. "ಹೂಂ ಕಣಮ್ಮ, ಹಾಕ್ದೆ," ಎಂದೆ.

ಅವರ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಬಾಡಿತು. "ಅಯ್ಯೋ, ನಾನೇನೋ ಸಿಟ್ನಾಗಂದ್ಬುಟ್ಟೆ. ಆವತ್ತಿಂದ ನಂಗೂ ಕೊರೀತಾನೇ ಐತೆ. ತೆಗ್ಸಾಕ್ಬುಡಿ ಸಾರ್. ಮಗ್ಳವ್ಳೆ ಅಂದಿದ್ರಿ. ನೋಡ್ದೋರು ನಿಜ ಅಂದ್ಕಂಡ್ಬುಡ್ತಾರೆ. ಆ ಸಂಕ್ಟ ಏನಂತ ನಂಗೊತ್ತು. ನಿಮ್ಗ್ಯಾಕದು?"

ತೆಗೆಸಲು ಅಲ್ಲಿ ನನ್ನ ಹೆಸರೇ ಇರಲಿಲ್ಲ. ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷ ಇತ್ತು, ಕಂಡಕ್ಟರು ಟೀ ಅಂಗಡಿಯಲ್ಲಿದ್ದ. ಹೇಳಬಹುದಿತ್ತು.

"ಆಗ್ಲಮ್ಮ, ನಾಳೇನೇ ತೆಗೆಸ್ತೀನಿ," ಎಂದೆ.